ಎರಡು ರಿಜಿಸ್ಟ್ರಿಗಳ ನಡುವಿನ ಮಧ್ಯಾಹ್ನ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಸಂಕರ್ಷಣನನ್ನು ಕಂಡವರ ಬಾಯಿಗೆ ಮೊದಲು ಬರುವ ಮಾತು ‘ಸ್ವಲ್ಪ ಕೂತ್ಕೋರಿ’ ಎಂಬುದು. ನಡೆಯುತ್ತಿದ್ದರೂ ಎಲ್ಲೋ ಸಾಲಿನಲ್ಲಿ ನಿಂತವನ ಹಾಗೆ ಕಾಣುವ ಮನುಷ್ಯ ಅವನು. ಖಾಸಗಿ ಕಾಲೇಜೊಂದರ ಆಫೀಸಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತಿಯ ಹೊಸ್ತಿಲಿಗೆ ಬಂದವನು. ಹಣೆಗೆ ಅಂಗಾರ ಅಕ್ಷತೆ, ಜೇಬಿಗೆ ಎರಡು ಪೆನ್ನು. ಎರಡನೆಯದು ಯಾರಾದರೂ ಕೇಳಿದರೆ ಕೊಡಲಿಕ್ಕೆ. ಯಾರ ಜೊತೆಯೂ ಜಗಳವಾಡಿದವನಲ್ಲ, ಎಲ್ಲಿಗೂ ತಡವಾಗಿ ಹೋದವನಲ್ಲ. ಅಂಥವರಿಗೆ ಈ ಲೋಕದಲ್ಲಿ ಕುರ್ಚಿ ಸಿಗುವುದು ಎಲ್ಲರಿಗಿಂತ ಕೊನೆಗೆ, ಅದೇನು ಹೊಸ ಸಂಗತಿಯಲ್ಲ ಬಿಡಿ.

ಅವನಿದ್ದದ್ದು ಅಜ್ಜ ಕಟ್ಟಿಸಿದ ಮನೆಯ ಮೂರನೇ ಒಂದು ಪಾಲಿನಲ್ಲಿ. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆಯನ್ನು ಸೌತೆಕಾಯಿ ಸೀಳಿದ ಹಾಗೆ ಉದ್ದಕ್ಕೆ ಸೀಳಿ ಹಂಚಿಕೊಂಡರು. ನಡುವಿನ ಪಟ್ಟಿ ಸಂಕರ್ಷಣನಿಗೆ ಬಂತು. ದೇವರ ಮನೆ ಆ ಪಟ್ಟಿಯಲ್ಲಿತ್ತು, ಹಾಗಾಗಿ ತಾಯಿ ತುಳಸಮ್ಮನೂ ಅವನ ಪಾಲಿಗೇ ಬಂದಳು. ಆಮೇಲೆ ಅಣ್ಣ ತೀರಿಹೋದ, ತಮ್ಮ ತನ್ನ ಪಾಲು ಮಾರಿ ಹೊಸಪೇಟೆ ಸೇರಿದ. ಸಂಕರ್ಷಣ, ಹೆಂಡತಿ ಸಿಂಧು, ತುಳಸಮ್ಮ ಮೂವರೂ ಆ ರೈಲು ಡಬ್ಬಿಯಂಥ ಮನೆಯಲ್ಲಿ ಉಳಿದರು. ಮಗಳು ಶ್ರೀವಾಣಿ ಮದುವೆಯಾಗಿ ರಾಯಚೂರಿನಲ್ಲಿದ್ದಾಳೆ.

ಆ ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲ ದಾಟಿ, ಹಿತ್ತಲಿನ ಕಲ್ಲಿನ ಮೆಟ್ಟಿಲು ಇಳಿಯಬೇಕು. ಹಿಂದಿನ ವರ್ಷ ತುಳಸಮ್ಮ ಅಲ್ಲೇ ಜಾರಿ ಸೊಂಟ ಮುರಿದುಕೊಂಡಳು. ಎಂಬತ್ತು ದಾಟಿದ ಜೀವ, ಅಲ್ಲಿಂದ ಹಾಸಿಗೆ ಹಿಡಿದದ್ದು ಏಳಲಿಲ್ಲ. ಎತ್ತಿ ಇಳಿಸಿ ಸಿಂಧುವಿನ ಬೆನ್ನೂ ಹೋಯಿತು. ಇಬ್ಬರು ಹೆಂಗಸರೂ ನರಳುವುದನ್ನು ಗೋಡೆಯ ಎರಡು ಬದಿಯಿಂದ ಕೇಳಿಸಿಕೊಂಡು ಸಂಕರ್ಷಣ ಒಂದು ದಿನ ನಿರ್ಧಾರ ಮಾಡಿದ. ಈ ಮನೆ ಮಾರಿ, ಎಲ್ಲವೂ ಒಂದೇ ಮಟ್ಟದಲ್ಲಿರುವ, ಕೋಣೆಗೆ ಹತ್ತಿಕೊಂಡೇ ಬಚ್ಚಲಿರುವ ಮನೆ ಕೊಳ್ಳಬೇಕು.

ತಾಯಿಗೆ ಹೇಳಿದ. ತುಳಸಮ್ಮ ಸೂರು ನೋಡಿಕೊಂಡೇ, "ನಿಮ್ಮ ಇಷ್ಟ" ಅಂದಳು.

ಕನ್ನಡದಲ್ಲಿ ‘ಬೇಡ’ ಅನ್ನುವುದಕ್ಕಿಂತ ಭಾರವಾದ ಮಾತು ಅದು. ಬೇಡ ಅಂದರೆ ಯಾಕೆ ಅಂತ ಕೇಳಬಹುದು. ನಿಮ್ಮ ಇಷ್ಟ ಅಂದರೆ ಮುಂದೆ ಮಾತೇ ಇಲ್ಲ. ಅಲ್ಲಿಂದಾಚೆಗೆ ತುಳಸಮ್ಮ ಹೊಸ ಮನೆಯ ಬಗ್ಗೆ ತಪ್ಪಿಯೂ ಒಂದು ಮಾತು ಕೇಳಲಿಲ್ಲ. ಎಲ್ಲಿ, ಎಂಥದು, ಯಾರದು, ಏನೂ ಇಲ್ಲ. ಸಿಂಧು ಹೇಳಲಿಕ್ಕೆ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಂಕರ್ಷಣನಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಆದರೆ ಮುಳ್ಳು ತೆಗೆಯುತ್ತ ಕೂಡಲಿಕ್ಕೆ ಅವನಿಗೆ ಪುರಸೊತ್ತಿರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಒಂದು ಮನೆ ಮಾರಿ ಇನ್ನೊಂದು ಕೊಂಡು ನೋಡು ಅಂತ ಯಾಕೆ ಸೇರಿಸಲಿಲ್ಲವೋ. ಬಹುಶಃ ಅವರ ಕಾಲಕ್ಕೆ ಯಾರೂ ಬದುಕಿ ಬಂದು ಹೇಳಿರಲಿಕ್ಕಿಲ್ಲ. ಸಂಕರ್ಷಣನ ಹತ್ತಿರ ಇದ್ದದ್ದು ಮನೆಯೊಂದೇ. ಅದನ್ನು ಮಾರಿದ ಹೊರತು ಇನ್ನೊಂದು ಕೊಳ್ಳುವ ಹಾಗಿಲ್ಲ. ಇನ್ನೊಂದು ಸಿಗದೆ ಇದನ್ನು ಮಾರಿದರೆ ಹಾಸಿಗೆ ಹಿಡಿದ ತಾಯಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಬಾಡಿಗೆ ಮನೆ ಕೇಳಿ ನೋಡಿದ. ಎಲ್ಲರೂ ಒಳ್ಳೆಯ ಮಾತೇ ಆಡಿದರು, ಕಾಫಿಯನ್ನೂ ಕೊಟ್ಟರು. ‘ವಯಸ್ಸಾದವರು ಇದ್ದಾರೇನು? ಹಾಸಿಗೆ ಮ್ಯಾಲೆ ಇದ್ದಾರೇನು?’ ಎಂದು ಕೇಳಿ, ಆಮೇಲೆ ಮನೆಗೆ ಬಣ್ಣ ಹೊಡೆಸಬೇಕಾಗಿದೆ ಅಂದರು. ಅವರ ಮನೆಯಲ್ಲಿ ಯಾರದೋ ಹೆಣ ಎತ್ತುವುದು ಯಾರಿಗೆ ಬೇಕು?

ಹಾಗಾಗಿ ಮಾರುವುದು, ಕೊಳ್ಳುವುದು ಎರಡೂ ಒಂದೇ ದಿನ ಆಗಬೇಕು. ಈ ಕೈಯಲ್ಲಿ ತಗೊಂಡು ಆ ಕೈಯಲ್ಲಿ ಕೊಡಬೇಕು.

ಕೊಳ್ಳುವವನು ಸಿಕ್ಕಿದ. ಸಿರುಗುಪ್ಪದ ಕೊಟ್ಟೂರಪ್ಪ, ಬೀಜ ಗೊಬ್ಬರದ ವ್ಯಾಪಾರದವನು. ಬಳ್ಳಾರಿಯಲ್ಲಿ ಇನ್ನೊಂದು ಅಂಗಡಿ ಹಾಕುವ ಯೋಚನೆಯಿಂದ ಪೇಟೆಗೆ ಹತ್ತಿರದ ಮನೆ ಹುಡುಕುತ್ತಿದ್ದ. ಮಾರುವವಳೂ ಸಿಕ್ಕಳು. ಬಳ್ಳಾರಿಯದೇ ಗಾಂಧಿನಗರದ ವೀರಭದ್ರಮ್ಮ. ಗಂಡ ಇಲ್ಲ. ತವರೂರು ಕುರುಗೋಡಿನಲ್ಲಿ ತಮ್ಮನ ಮನೆಯ ಪಕ್ಕಕ್ಕೇ ಸಣ್ಣದೊಂದು ಮನೆ ಕಟ್ಟಿಸಿ ಅಲ್ಲಿಗೆ ಹೋಗುವವಳು. ಮೂರು ಊರಿನ ಮೂವರು, ಒಬ್ಬರ ಕಾಲು ಒಬ್ಬರಿಗೆ ಕಟ್ಟಿದ ಹಾಗೆ. ಒಬ್ಬರು ಹೆಜ್ಜೆ ಎತ್ತಿದರೆ ಮಿಕ್ಕವರಿಬ್ಬರೂ ಎತ್ತಬೇಕು.

ಜೂನ್‌ನಲ್ಲಿ ಮಾತಾಯಿತು, ಆಷಾಢ ಅಡ್ಡ ಬಂತು. ಆಷಾಢದಲ್ಲಿ ಮನೆ ತಗೊಳ್ಳುವುದಿಲ್ಲ ಅಂತ ಕೊಟ್ಟೂರಪ್ಪನ ಹೆಂಡತಿ. ಶ್ರಾವಣ ಬಂತು, ಕುರುಗೋಡಿನ ಮನೆಗೆ ಇನ್ನೂ ಸ್ಲ್ಯಾಬ್ ಬಿದ್ದಿರಲಿಲ್ಲ. ಸ್ಲ್ಯಾಬ್ ಬಿತ್ತು, ಪಿತೃಪಕ್ಷ ಬಂತು. ಆಗ ಸಂಕರ್ಷಣನೇ ಬೇಡ ಅಂದ. ದಸರಾ ಆಯಿತು, ದೀಪಾವಳಿ ಆಯಿತು, ಕೊಟ್ಟೂರಪ್ಪನಿಗೆ ಹಿಂಗಾರಿ ಬೀಜದ ಗಡಿಬಿಡಿ. ಇನ್ನು ಡಿಸೆಂಬರ್ ನಡುವಿಗೆ ಧನುರ್ಮಾಸ. ಅದು ಹಿಡಿಯಿತೆಂದರೆ ಸಂಕ್ರಾಂತಿಯ ತನಕ ಮತ್ತೆ ಬಾಗಿಲು ಮುಚ್ಚಿತು. ನಮ್ಮ ಪಂಚಾಂಗದಲ್ಲಿ ಮೂರು ಮನೆತನಕ್ಕೂ ಸರಿಹೋಗುವ ದಿನ ಹುಡುಕುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸುವುದಲ್ಲ, ಕಲ್ಲಿನಲ್ಲಿ ಅಕ್ಕಿ ಆರಿಸುವುದು.

ವೀರಭದ್ರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಧನುರ್ಮಾಸ ಹತ್ತೂದ್ರಾಗ ಆದ್ರ ಆತು ಆಚಾರ್ರೇ, ಇಲ್ಲಾಂದ್ರ ನನಗ ಇನ್ನೊಬ್ರು ಕೇಳಾಕತ್ಯಾರ. ನಾ ಎಷ್ಟಂತ ಕಾಯಲಿ? ಕುರುಗೋಡಿನ ಮನಿ ರೆಡಿ ಐತಿ, ಬೀಗ ಹಾಕ್ಕೊಂಡು ಕುಂತೀನಿ."

ಇನ್ನೊಂದು ಮಾತನ್ನೂ ಹೇಳಿದಳು. ಸಂಕರ್ಷಣನನ್ನು ಉದ್ದೇಶಿಸಿ ಹೇಳಿದ್ದಲ್ಲ, ಮಾತಿಗೆ ಬಂದದ್ದು. "ನಿಮಗಿಂತ ಮೊದಲು ಒಬ್ಬಾವ ಬಂದಿದ್ದ. ಅವ್ರ ದೊಡ್ಡಪ್ಪ ಸತ್ತು ಮೂರನೇ ದಿನಕ್ಕ ಅಡ್ವಾನ್ಸ್ ಹಿಡಕೊಂಡು ಬಂದಾನ್ರೀ! ಮೈಲಿಗಿ ಕೈಲೆ ಮನಿ ಕೊಟ್ಟು ನಾ ಹೊಸ ಮನಿಗೆ ಹೆಂಗ ಹೋಗ್ಲಿ? ಹೊಳ್ಳಿ ಕಳಿಸಿದೆ."

ಸಂಕರ್ಷಣ ತಲೆಯಾಡಿಸಿದ. ಮನೆಗೆ ಬಂದವನು ತಾಯಿಯ ಹಾಸಿಗೆಯ ಕಡೆ ನೋಡಲಿಕ್ಕೆ ಅಂಜಿದ.

ಯಾಕೆಂದರೆ ಕಾರ್ತಿಕ ಮುಗಿಯುವ ಹೊತ್ತಿಗೆ ತುಳಸಮ್ಮ ಊಟ ಬಿಟ್ಟಿದ್ದಳು. ಗಂಜಿ ಎರಡು ಚಮಚ, ತೀರ್ಥ ಒಂದು ಹನಿ. ಮಾತು ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ಡಾಕ್ಟರು ಬಂದು ನಾಡಿ ಹಿಡಿದು, ‘ಇವತ್ತು ಅನ್ನೂ ಹಂಗಿಲ್ಲ, ನಾಳೆ ಅನ್ನೂ ಹಂಗಿಲ್ಲ’ ಅಂದು ಹೋದರು. ಊರು ಹೋಗು ಅನ್ನುತ್ತಿತ್ತು, ಕಾಡು ಬಾ ಅನ್ನುತ್ತಿತ್ತು, ತುಳಸಮ್ಮ ಇಬ್ಬರಿಗೂ ಉತ್ತರ ಕೊಡದೆ ಮಲಗಿದ್ದಳು. ಆಕೆ ಹೋದರೆ ಹತ್ತು ದಿನ ಮೈಲಿಗೆ. ಮೈಲಿಗೆ ಕಳೆಯುವಷ್ಟರಲ್ಲಿ ಧನುರ್ಮಾಸ. ಅಷ್ಟರಲ್ಲಿ ವೀರಭದ್ರಮ್ಮನ ಮನೆ ಇನ್ನೊಬ್ಬರದು. ಅದಕ್ಕಿಂತ ಕೆಟ್ಟದ್ದು, ಕೊಟ್ಟೂರಪ್ಪನಿಗೆ ಈ ಮನೆ ಬರೆದುಕೊಟ್ಟ ಮೇಲೆ, ಆ ಮನೆ ಬರೆಸಿಕೊಳ್ಳುವ ಮುಂಚೆ ಆಕೆ ಹೋದರೆ! ಇದ್ದ ಮನೆಯೂ ಇಲ್ಲ, ಬರುವ ಮನೆಯೂ ಇಲ್ಲ, ಬಾಡಿಗೆಗೆ ಕೊಡುವವರು ಮೊದಲೇ ಇಲ್ಲ.

ಡಿಸೆಂಬರ್ ಮೊದಲ ಬುಧವಾರ ಅಂತ ನಿಶ್ಚಯವಾಯಿತು. ಅಲ್ಲಿಂದ ಸಂಕರ್ಷಣನಿಗೆ ಒಂದು ಅಭ್ಯಾಸ ಹತ್ತಿತು. ಬೆಳಗ್ಗೆ ಎದ್ದು ತಾಯಿಯ ಎದೆ ಏರಿಳಿಯುವುದನ್ನು ನೋಡುವುದು, ಆಮೇಲೆ ಕ್ಯಾಲೆಂಡರ್ ನೋಡುವುದು. ಬುಧವಾರದ ತನಕ ಇರಲಪ್ಪಾ ರಾಯರೇ, ಅಂತ ಬೇಡಿಕೊಳ್ಳುವುದು. ಬುಧವಾರದ ತನಕ! ಗುರುವಾರಕ್ಕೆ ಬೇಡವೇನು? ಮುಂದಿನ ವರ್ಷಕ್ಕೆ ಬೇಡವೇನು? ತನ್ನ ಪ್ರಾರ್ಥನೆಯೇ ತನ್ನ ಕಿವಿಗೆ ಬಿದ್ದಾಗ ಅವನಿಗೆ ಅಸಹ್ಯವಾಗುತ್ತಿತ್ತು. ಹೆತ್ತ ತಾಯಿಯ ಉಸಿರಿಗೆ ಗಡುವು ಹಾಕುವ ಮಗ ಯಾವ ಪುರಾಣದಲ್ಲಿದ್ದಾನೆ? ಆದರೆ ಅಸಹ್ಯಪಡುವುದಕ್ಕೂ ತ್ರಾಣ ಬೇಕು. ಅವನಲ್ಲಿ ಅದು ಮುಗಿದಿತ್ತು. ನಾಚಿಕೆಯನ್ನು ಬದಿಗಿಟ್ಟು ಮಾರನೇ ದಿನ ಮತ್ತೆ ಅದನ್ನೇ ಬೇಡಿಕೊಂಡ.

ಬುಧವಾರ ಬಂತು. ತುಳಸಮ್ಮ ಇದ್ದಳು.

ಸಂಕರ್ಷಣ ಸ್ನಾನ ಸಂಧ್ಯಾವಂದನೆ ಮುಗಿಸಿ, ತಾಯಿಯ ತುಟಿಗೆ ತೀರ್ಥ ಬಿಟ್ಟ. ಅರ್ಧ ಕಣ್ಣು ತೆರೆದಿತ್ತು. "ಅಮ್ಮಾ, ಹೋಗಿ ಬರ್ತೀನಿ" ಅಂದ. ಕಣ್ಣು ಅಲುಗಲಿಲ್ಲ. ಸಿಂಧು ಬಾಗಿಲ ತನಕ ಬಂದಳು.

"ನೀವು ಇಲ್ಲಿ ಚಿಂತಿ ಮಾಡಬ್ಯಾಡ್ರಿ. ಎರಡೂ ಮುಗಿಸಿಕೊಂಡೇ ಬರ್ರಿ" ಅಂದಳು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಅವಳ ಮುಖ ನೋಡಿ, ತನಗಿಂತ ಇವಳೇ ಹೆಚ್ಚು ದಣಿದಿದ್ದಾಳೆ ಅಂತ ಅವನಿಗೆ ಅನ್ನಿಸಿತು. ಅದನ್ನು ಹೇಳಲಿಲ್ಲ. ಮೂವತ್ತು ವರ್ಷದಿಂದ ಹೇಳದ ಎಷ್ಟೋ ಮಾತುಗಳ ಜೊತೆ ಅದೂ ಸೇರಿತು.

ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಬೇವಿನ ಮರದ ಕೆಳಗೆ ಪತ್ರ ಬರೆಯುವ ಎರ್ರಣ್ಣ ಎರಡೂ ಪತ್ರ ಸಿದ್ಧ ಮಾಡಿಕೊಂಡು ಕೂತಿದ್ದ. ಒಂದು ಮಾತು ಕನ್ನಡ, ಒಂದು ಮಾತು ತೆಲುಗು ಅವನದು. "ರೆಂಡೂ ರೆಡಿ ಸಾರ್. ಪಾರ್ಟಿ ಬಂದ್ರ ಒಂದ ಹೊಡತಕ್ಕ ಎರಡೂ ಮುಗಸ್ತೀನಿ" ಅಂದ. ವೀರಭದ್ರಮ್ಮ ಕುರುಗೋಡಿನ ತಮ್ಮನ ಮನೆಯಿಂದ ಬೆಳಗಿನ ಬಸ್ಸಿಗೇ ಬಂದು, ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲಿದ್ದಳು. ಬಾರದವನು ಕೊಟ್ಟೂರಪ್ಪ ಒಬ್ಬನೇ. ಅವನು ಬಾರದೆ ಯಾವುದೂ ಆಗುವಂತಿಲ್ಲ. ಮನೆಯ ಬೆಲೆಗೆ ಅವನು ಎರಡು ಡಿ.ಡಿ. ಮಾಡಿಸಿದ್ದ, ಒಂದು ಸಂಕರ್ಷಣನ ಹೆಸರಿಗೆ, ದೊಡ್ಡದು ನೇರವಾಗಿ ವೀರಭದ್ರಮ್ಮನ ಹೆಸರಿಗೆ. ಎರಡೂ ಅವನ ಜೇಬಿನಲ್ಲಿದ್ದವು.

ಅವನು ಬಂದದ್ದು ಬಿಸಿಲು ಏರಿದ ಮೇಲೆ. ಕಾರಿನಿಂದ ಇಳಿಯುತ್ತಲೇ ಕೈ ಮುಗಿದ. "ತಪ್ಪಾತ್ರೀ ಆಚಾರ್ರೇ. ಸಿರುಗುಪ್ಪದಿಂದ ಈ ಕಡೀಗೆ ದಾರಿ ತುಂಬ ನೆಲ್ಲು ಹರವ್ಯಾರ. ಅರ್ಧ ರಸ್ತೆ ನೆಲ್ಲು, ಅರ್ಧ ರಸ್ತೆ ಕೊಯ್ಯೋ ಮಷೀನು. ನಾ ಬೀಜ ಮಾರಿದ ರೈತರೇ ಅಡ್ಡ ಕುಂತಾರ, ಅವರ ನೆಲ್ಲಿನ ಮ್ಯಾಲೆ ಹಾಯಿಸಾಕ ಬರ್ತೈತೇನ್ರಿ?"

ಮೊದಲನೆಯ ರಿಜಿಸ್ಟ್ರಿ ಮುಗಿಯುವಾಗ ಹನ್ನೆರಡಕ್ಕೆ ಸ್ವಲ್ಪವೇ ಬಾಕಿ. ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು ಹೊರಗೆ ಬಂದಾಗ ಸಂಕರ್ಷಣನಿಗೆ ಮನೆ ಇರಲಿಲ್ಲ. ಅಳು ಬರುತ್ತದೆ ಅಂದುಕೊಂಡಿದ್ದ, ಬರಲಿಲ್ಲ. ಬಾಯಿ ಒಣಗಿತ್ತು, ಅಷ್ಟೇ.

"ಹೂಂ, ಅಮ್ಮಾರೇ, ಬರ್ರಿ, ನಿಮ್ಮದೂ ಮುಗಿಸಿಬಿಡೂಣು" ಅಂದ ಎರ್ರಣ್ಣ.

ವೀರಭದ್ರಮ್ಮ ಕೂತಲ್ಲಿಂದ ಏಳಲಿಲ್ಲ. "ಇವತ್ತು ಬುಧವಾರ ಅಲ್ಲೇನು? ರಾಹುಕಾಲ ಹತ್ತಾಕ ಬಂತು. ಒಂದೂವರಿ ತನಕ ನಾ ಪೆನ್ನು ಮುಟ್ಟಂಗಿಲ್ಲ."

ಎಲ್ಲರೂ ಸಂಕರ್ಷಣನ ಮುಖ ನೋಡಿದರು. ಅವನು ಏನು ಹೇಳಿಯಾನು? ಮೂರು ಹೊತ್ತು ಪಂಚಾಂಗ ನೋಡುವವನು ಅವನೇ. ಬೇರೆ ದಿನವಾಗಿದ್ದರೆ ಅವನೇ ಬೇಡ ಅನ್ನುತ್ತಿದ್ದ. "ಆಗ್ಲಿ ಅಕ್ಕಾರೇ, ಕಾಯೋಣ" ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇಲ್ಲಿ ಪೂಜಾರಿಯೂ ತಾನೇ ಆಗಿದ್ದ.

ಕೊಟ್ಟೂರಪ್ಪ ಅವನನ್ನು ಎದುರಿನ ಬಂಡಿಗೆ ಕರೆದುಕೊಂಡು ಹೋದ. ತಾನು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಗೊಂಡ. ಸಂಕರ್ಷಣ ಹೊರಗೆ ತಿನ್ನುವವನಲ್ಲ, ಒಂದು ಎಳನೀರು ಹಿಡಿದು ಕಟ್ಟೆಯ ಮೇಲೆ ಕೂತ. ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ತೆಗೆದು ನೋಡಿದ. ಸಿಂಧು.

ಎಳನೀರನ್ನು ಕಟ್ಟೆಯ ಮೇಲಿಟ್ಟ. ಸಿಂಧು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಆಫೀಸಿಗೆ ಫೋನ್ ಮಾಡಿದ್ದು ಎರಡೇ ಸಲ, ತನ್ನ ತಂದೆ ಹೋದಾಗ ಒಂದು, ಸಂಕರ್ಷಣನ ಅಣ್ಣ ಹೋದಾಗ ಇನ್ನೊಂದು. ಉಪ್ಪು ಮುಗಿದರೆ, ಗ್ಯಾಸ್ ಮುಗಿದರೆ, ಮಗಳು ಬಂದರೆ, ಯಾವುದಕ್ಕೂ ಮಾಡಿದವಳಲ್ಲ. ಇವತ್ತಂತೂ ಅವಳೇ ಹೇಳಿ ಕಳಿಸಿದ್ದಾಳೆ, ಎರಡೂ ಮುಗಿಸಿಕೊಂಡೇ ಬರ್ರಿ ಅಂತ. ಅಂಥವಳು ಈಗ ಮಾಡಿದ್ದಾಳೆಂದರೆ ಇನ್ನೇನಿರುತ್ತದೆ?

ಫೋನು ಅಂಗೈಯಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು. ಸಂಕರ್ಷಣ ಎತ್ತಲಿಲ್ಲ.

ಎತ್ತದೆ ಇದ್ದದ್ದಕ್ಕೆ ಕಾರಣವಿತ್ತು. ಅವರಲ್ಲಿ ಸಾವಿನ ಮೈಲಿಗೆ ತಟ್ಟುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ದೂರದಲ್ಲಿ ಯಾರೋ ಹೋಗಿರಲಿ, ಗೊತ್ತಾಗುವ ತನಕ ನೀನು ಮಡಿಯಲ್ಲೇ ಇದ್ದೀಯ. ಕೇಳಿದ ಗಳಿಗೆಯಿಂದ ಮೈಲಿಗೆ ಶುರು. ಇವನ ಅಜ್ಜನ ಕಾಲದ ಕತೆಯೊಂದು ಮನೆಯಲ್ಲಿ ಈಗಲೂ ಹೇಳಿ ನಗುತ್ತಾರೆ. ಮಗನ ಮುಂಜಿಯ ದಿನ ಊರಿನಿಂದ ತಂತಿ ಬಂತಂತೆ. ಅಜ್ಜ ಅದನ್ನು ಒಡೆಯದೆ ದೇವರ ಮಣೆಯ ಕೆಳಗೆ ತಳ್ಳಿ, ಮುಂಜಿ ಮುಗಿಸಿ, ನೂರಾರು ಜನಕ್ಕೆ ಊಟ ಬಡಿಸಿ, ಎಲೆ ಎತ್ತಿದ ಮೇಲೆ ಒಡೆದು ನೋಡಿ ಗೊಳೋ ಅಂತ ಅತ್ತನಂತೆ. ಅಜ್ಜ ಮಾಡಿದ್ದು ತಪ್ಪು ಅಂತ ಯಾರೂ ಅನ್ನಲಿಲ್ಲ. ಸಮಯ ತಿಳಿದವನು ಅಂದರು.

ಕೇಳದಿದ್ದರೆ ಮೈಲಿಗೆ ಇಲ್ಲ. ಮೈಲಿಗೆ ಇಲ್ಲದಿದ್ದರೆ ವೀರಭದ್ರಮ್ಮನ ಎದುರಿಗೆ ಸುಳ್ಳು ಹೇಳಿದಂತೆಯೂ ಇಲ್ಲ. ಒಂದೂವರೆ ತನಕ ಕೇಳದೆ ಇದ್ದರಾಯಿತು.

ಫೋನು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಕೊಟ್ಟೂರಪ್ಪ ಮೆಣಸಿನಕಾಯಿ ಕಚ್ಚುತ್ತಿದ್ದವನು ನೋಡಿದ. "ಎತ್ರಿ ಆಚಾರ್ರೇ, ಮನಿಯಿಂದ ಇದ್ದಂಗೈತಿ."

"ಆಮ್ಯಾಲೆ ಮಾಡ್ತೀನಿ."

"ಅಮ್ಮಾರಿಗೆ ಆರಾಮಿಲ್ಲ ಅಂದಿದ್ರಿ..."

ಸಂಕರ್ಷಣ ಫೋನನ್ನು ತೊಡೆಯ ಮೇಲಿಟ್ಟುಕೊಂಡ. ಎಳನೀರಿನ ಬುರುಡೆಯನ್ನೇ ನೋಡುತ್ತ ಕೂತ. ಕೊಟ್ಟೂರಪ್ಪ ಅವನ ಮುಖ ನೋಡಿದ, ಫೋನ್ ನೋಡಿದ, ಆಚೆ ಬೆಂಚಿನ ಮೇಲೆ ಕೂತ ವೀರಭದ್ರಮ್ಮನನ್ನು ನೋಡಿದ. ಹತ್ತಾರು ಹಳ್ಳಿಯ ವ್ಯವಹಾರ ಮಾಡಿದ ಮನುಷ್ಯ, ಬಿಡಿಸಿ ಹೇಳಬೇಕಾಗಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ನಮ್ಮಾಗ ಈ ಮೈಲಿಗಿ ಗಿಯ್ಲಿಗಿ ಹಿಡಿಯಂಗಿಲ್ರಿ" ಅಂದ ಸಣ್ಣ ದನಿಯಲ್ಲಿ. "ಆದ್ರ ಅಕ್ಕಾರು ಹಿಡೀತಾರ. ನನ್ನ ಬಾಯಿಲೆ ಬರಂಗಿಲ್ಲ, ನೀವು ಧೈರ್ಯ ತಗೋರಿ. ಇನ್ನೊಂದು ಮಾತು. ಮನಿ ನನ್ನ ಹೆಸರಿಗಾದ ಮ್ಯಾಲೆ ಆತು ಅಂತ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಹದಿಮೂರು ದಿನದ್ದು ಎಲ್ಲಾ ಅಲ್ಲೇ ಮಾಡ್ರಿ. ನಾ ಸಂಕ್ರಾಂತಿ ಮ್ಯಾಲೆ ಬರ್ತೀನಿ."

ಆ ಮಾತಿಗೆ ಸಂಕರ್ಷಣನ ಎದೆ ಒಡೆಯಿತು. ಅತ್ತರೆ ಆಚೆ ಬೆಂಚಿಗೆ ಕಾಣುತ್ತದೆ. ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಳ್ಳುವವನ ಹಾಗೆ ಮುಖ ಮುಚ್ಚಿಕೊಂಡ. ಆ ಬಟ್ಟೆಯ ಕತ್ತಲಲ್ಲಿ ತಾಯಿಗಾಗಿ ಅವನು ಅತ್ತದ್ದು ಅಷ್ಟೇ ಹೊತ್ತು.

ಏನೇನೋ ನೆನಪಾಯಿತು. ಹತ್ತಿ ಮಿಲ್ಲಿನ ಕೆಲಸ ಹೋಗಿ ಅಪ್ಪ ಮನೆಯಲ್ಲಿ ಕೂತ ವರ್ಷ, ತುಳಸಮ್ಮ ಗಿರಣಿಯಿಂದ ಹತ್ತಿ ತರಿಸಿ ಹೂಬತ್ತಿ ಗೆಜ್ಜೆವಸ್ತ್ರ ಮಾಡಿ ಮಾರಿದ್ದಳು. ಮಾರಿದ್ದಳು ಅನ್ನಲಿಕ್ಕೆ ಆಕೆ ಒಪ್ಪುತ್ತಿರಲಿಲ್ಲ. ದೇವರ ಕೆಲಸಕ್ಕೆ ಕೊಟ್ಟೆ, ಅವರು ಏನೋ ಕೊಟ್ಟರು, ಅನ್ನುವಳು. ಮನೆಮನೆಗೆ ಒಯ್ದು ಮುಟ್ಟಿಸುತ್ತಿದ್ದವನು ಸಣ್ಣ ಸಂಕರ್ಷಣ. ಒಂದು ಸಲ ಮಳೆಗೆ ಸಿಕ್ಕಿ ಬತ್ತಿಯೆಲ್ಲ ಒದ್ದೆಮುದ್ದೆ ಮಾಡಿಕೊಂಡು ಅಳುತ್ತ ಬಂದಾಗ ತುಳಸಮ್ಮ ಬೈಯಲಿಲ್ಲ. "ಬಿಡೋ, ಹತ್ತಿ ಒಣಗ್ತದ" ಅಂದಿದ್ದಳು. ಆಕೆಯ ಬಾಯಿ ಖಾರ, ಆದರೆ ಕೆಲಸ ಕೆಟ್ಟಾಗ ಬೈದವಳಲ್ಲ. ಈ ಮನೆ ಮಾರುವ ಕೆಲಸ ಕೆಟ್ಟಿತೋ ಚಲೋ ಆಯಿತೋ, ಅದನ್ನೂ ಆಕೆಯ ಬಾಯಿಂದ ಕೇಳಬೇಕಿತ್ತು. ಇನ್ನು ಎಲ್ಲಿ ಕೇಳುವುದು? ‘ನಿಮ್ಮ ಇಷ್ಟ’ ಎಂಬಲ್ಲಿಗೇ ಮುಗಿಯಿತಲ್ಲ.

ಮೂರನೆಯ ಸಲ ಫೋನು ಹೊಡೆದುಕೊಂಡಿತು. ಈ ಸಲ ಬಹಳ ಹೊತ್ತು. ಸಂಕರ್ಷಣ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತ, ನಿಲ್ಲುವ ತನಕ. ಆಮೇಲೆ ಬರಲಿಲ್ಲ. ಸಿಂಧುವಿಗೆ ಗೊತ್ತಾಯಿತು, ಜಾಣೆ, ಯಾಕೆ ಎತ್ತುತ್ತಿಲ್ಲ ಅಂತ ತಿಳಿದುಕೊಂಡಳು, ಅಂದುಕೊಂಡ.

ರಾಹುಕಾಲ ಕಳೆಯಿತು. ವೀರಭದ್ರಮ್ಮ ಬಾಟಲಿಯ ನೀರಿನಿಂದ ಮುಖ ತೊಳೆದು, ಕುಂಕುಮದ ಜಾಗದಲ್ಲಿ ವಿಭೂತಿ ಸರಿಮಾಡಿಕೊಂಡು ಎದ್ದಳು. ಸಂಕರ್ಷಣ ಸಹಿ ಮಾಡಿದ. ಎಷ್ಟು ಹಾಳೆ, ಎಲ್ಲಿ, ಏನು, ಏನೂ ನೋಡಲಿಲ್ಲ. ಎರ್ರಣ್ಣ ಬೆರಳಿಟ್ಟು ತೋರಿಸಿದಲ್ಲೆಲ್ಲ ಹೆಸರು ಬರೆದ. ಹೆಬ್ಬೆಟ್ಟು ಬೆವರಿಗೆ ಜಾರಿ ಮಷೀನು ಹಿಡಿಯಲಿಲ್ಲ, ವಸ್ತ್ರಕ್ಕೆ ಒರೆಸಿ ಮತ್ತೆ ಒತ್ತಿದ. ಫೋಟೋ ತೆಗೆಯುವ ಹುಡುಗಿ "ತಲಿ ಎತ್ರಿ ಸಾರ್, ಇಲ್ಲಿ ನೋಡ್ರಿ" ಅಂದಳು. ಎತ್ತಿ ನೋಡಿದ. ಆ ಪತ್ರದ ಮೇಲೆ ಆ ಮುಖ ಈಗಲೂ ಇದೆ. ಹೊಸ ಮನೆ ಕೊಂಡವನ ಮುಖ ಅಂತ ಯಾರೂ ಹೇಳುವುದಿಲ್ಲ.

ವೀರಭದ್ರಮ್ಮ ಬೀಗದ ಕೈ ಗೊಂಚಲನ್ನು ಎರಡೂ ಕೈಯಿಂದ ಕೊಟ್ಟಳು. "ನನ್ನ ಗಂಡ ಇದ್ದ ಮನಿ ಆಚಾರ್ರೇ, ಅವ್ರು ಇರೂತನಕ ಒಂದಿನ ಕಣ್ಣೀರು ಹಾಕಿದ್ದಿಲ್ಲ ಅದರಾಗ. ನಿಮಗೂ ಹಂಗ ಆಗ್ಲಿ. ನಿಮ್ಮ ಅಮ್ಮಾರು ಆರಾಮಾಗ್ಲಿ" ಅಂದಳು. ಮನಸ್ಸಿನಿಂದಲೇ ಅಂದಳು. ಸಂಕರ್ಷಣ ಕೈ ಮುಗಿದು ಹೊರಗೆ ಬಂದ.

ಗೆದ್ದಿದ್ದ. ಆರು ತಿಂಗಳಿನಿಂದ ಎರಡು ದೋಣಿಯ ಮೇಲೆ ಒಂದೊಂದು ಕಾಲಿಟ್ಟು ನಿಂತವನು ಕೊನೆಗೂ ನೀರಿಗೆ ಬೀಳದೆ ದಾಟಿದ್ದ. ಇನ್ನು ಸುದ್ದಿ ಕೇಳಬಹುದು. ಫೋನ್ ತೆಗೆದ, ಆದರೆ ಹಚ್ಚಲಿಲ್ಲ. ಮನೆಗೆ ಹೋಗಿ ಎದುರಿಗೇ ಕೇಳೋಣ ಅನ್ನಿಸಿತು. ಕೊಟ್ಟೂರಪ್ಪ ಕಾರಿನ ಬಾಗಿಲು ತೆಗೆದು ಹಿಡಿದಿದ್ದ.

ಓಣಿಯಲ್ಲಿ ಜನ ನಿಂತಿದ್ದರು. ಪಡಸಾಲೆಯ ಬಾಗಿಲು ಪೂರ್ತಿ ತೆರೆದಿತ್ತು. ಕೊಟ್ಟೂರಪ್ಪ ಕಾರಿನ ಹತ್ತಿರವೇ ನಿಂತ. ಸಂಕರ್ಷಣ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುವಾಗ ಸಿಂಧು ಬಾಗಿಲಿಗೆ ಬಂದಳು. ಅತ್ತು ಮುಗಿಸಿದ ಮುಖ.

"ಆತೇನ್ರೀ ಕೆಲಸ?" ಅಂತ ಕೇಳಿದಳು ಮೊದಲು.

"ಆತು. ಎರಡೂ ಆತು."

ಅವಳು ಉಸಿರು ಬಿಟ್ಟಳು. "ಅತ್ತಿಯವ್ರು ಹೋದ್ರು" ಅಂದಳು.

"ಗೊತ್ತದ" ಅಂದ ಸಂಕರ್ಷಣ. "ನೀ ಮೊದಲ ಸಲ ಫೋನ್ ಹಚ್ಚಿದಾಗನೇ ಗೊತ್ತಾತು. ಅದಕ್ಕೇ ಎತ್ತಲಿಲ್ಲ. ಕೇಳಿದ್ರೆ ಸಹಿ ಮಾಡೋ ಹಂಗಿರಲಿಲ್ಲಲ್ಲ. ನಿನಗ ತಿಳೀತು ಅಂದ್ಕೊಂಡೆ."

ಸಿಂಧು ಅವನನ್ನೇ ನೋಡುತ್ತ ನಿಂತಳು. ಅವಳಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನಂತೀರ್ರೀ? ಆಗ ಅತ್ತಿಯವ್ರು ಇದ್ರು. ನೀವು ಹೋದ ಮ್ಯಾಲೆ ಕಣ್ಣು ಬಿಟ್ರು. ಗಂಜಿ ಕೇಳಿ ಕುಡದ್ರು. ದಿಂಬು ಇಟ್ಟು ಕೂಡಿಸು ಅಂದ್ರು. ಎಷ್ಟು ದಿನ ಆಗಿತ್ತು ಅವರ ದನಿ ಕೇಳಿ! ಗಾಂಧಿನಗರದ ಮನಿ ಹೆಂಗದ ಅಂತ ಕೇಳಿದ್ರು. ನಾ ಹೇಳ್ತೀನಿ ಅಂದ್ರೆ, ನೀ ಬ್ಯಾಡ, ಅವನ ಬಾಯಿಂದ ಕೇಳ್ತೀನಿ, ಫೋನ್ ಹಚ್ಚು ಅಂದ್ರು. ಕಿವಿಗೆ ಹಿಡಕೊಂಡು ಕೂತಿದ್ರು. ಅವರೇ ಇನ್ನೊಮ್ಮೆ ಹಚ್ಚು, ಇನ್ನೊಮ್ಮೆ ಹಚ್ಚು ಅಂದ್ರು. ಮೂರನೇ ಸಲಕ್ಕೆ, ಹೋಗ್ಲಿ ಬಿಡು, ಕೆಲಸದಾಗ ಇರ್ತಾನ ಅಂದು ಮಲಗಿದ್ರು."

ಸಂಕರ್ಷಣ ಅವಳನ್ನೇ ನೋಡುತ್ತಿದ್ದ. ಬೀಗದ ಕೈ ಗೊಂಚಲು ಇನ್ನೂ ಅವನ ಕೈಯಲ್ಲೇ ಇತ್ತು.

"ಹೋದದ್ದು ಆಮ್ಯಾಲೆ" ಅಂದಳು ಸಿಂಧು. "ಹೋದ ಮ್ಯಾಲೆ ನಾ ಫೋನ್ ಮುಟ್ಟಿಲ್ಲ. ಓಣಿಯವ್ರು ಹಚ್ಚತೀನಿ ಅಂದ್ರು, ಬ್ಯಾಡ, ಸಹಿ ಆಗ್ಲಿ ಅಂತ ತಡದೆ. ನಿಮಗಿರೋ ಬುದ್ಧಿ ನನಗಿಲ್ಲೇನ್ರೀ? ಅವರು ಹೋಗಿದ್ರೆ ನಾ ಹಚ್ಚತಿದ್ನೇನು? ಇದ್ರು ಅಂತನೇ ಹಚ್ಚಿದ್ದು."

ಹೊಸ್ತಿಲ ಮೇಲೆ ಕೂಡಬಾರದು ಅಂತಾರೆ, ಸಂಕರ್ಷಣ ಅಲ್ಲೇ ಕೂತುಬಿಟ್ಟ.